ಉಪ್ಪು ಬಿಟ್ಟ ಮನೆ

ಚಟ್ನಿಗೆ ಉಪ್ಪು ಸುರಿದುಬಿಟ್ಟಿದ್ದೀರಲ್ಲ, ಮನುಷ್ಯರು ತಿನ್ನೋದಾ ಇದು ಎಂದು ಎದುರಿಗೆ ಕೂತವನು ಸಪ್ಲೈಯರನ ಮೇಲೆ ರೇಗುತ್ತಿದ್ದಾಗ ಸಿದ್ದಾರ್ಥ ಅದೇ ಚಟ್ನಿಗೆ ಇನ್ನೊಂದು ಚಿಟಿಕೆ ಉಪ್ಪು ಉದುರಿಸಿಕೊಳ್ಳುತ್ತಿದ್ದ. ರೇಗುತ್ತಿದ್ದವನು ಮಾತು ನಿಲ್ಲಿಸಿ ಅವನನ್ನೇ ನೋಡಿದ. ಸಪ್ಲೈಯರನಿಗೆ ಅಷ್ಟೇ ಸಾಕಾಯಿತು. 'ನೋಡಿ ಸಾರ್, ಇವ್ರಿಗೆ ಸಾಲ್ದಂತೆ' ಎಂದು ನಕ್ಕು ಒಳಗೆ ಹೋದ. ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕದ ಆ ಹೋಟೆಲಿನಲ್ಲಿ ಎಲ್ಲರೂ ತನ್ನ ಬಾಯನ್ನೇ ನೋಡುತ್ತಿದ್ದಾರೆ ಅನ್ನಿಸಿ ಸಿದ್ದಾರ್ಥ ಇಡ್ಲಿಯನ್ನು ಬೇಗ ಬೇಗ ನುಂಗಿದ. ದಿಲೀಪ ಆಸ್ಪತ್ರೆ ಸೇರಿದಾಗಿನಿಂದ ಹೀಗೇ ಆಗಿದೆ. ಏನು ತಿಂದರೂ ಸಪ್ಪೆ. ಬಾಬುರಾಯನಕೊಪ್ಪಲಿನ ತನ್ನ ಬಾಡಿಗೆ ರೂಮಿನಲ್ಲಿ ಅನ್ನ ಮಾಡಿಕೊಂಡು ಉಪ್ಪಿನಕಾಯಿ ಬಡಿಸಿಕೊಂಡರೂ ಸಪ್ಪೆ. ಇದು ನಾಲಿಗೆಯ ತೊಂದರೆಯಲ್ಲ, ತಲೆಯದು ಎಂದು ಅವನಿಗೆ ಗೊತ್ತು. ಅಂಥದ್ದನ್ನು ಗುರುತಿಸಲಿ ಅಂತಲೇ ಅವನಿಗೆ ಸಂಬಳ ಕೊಡುತ್ತಾರೆ. ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗಿನಲ್ಲಿ ಲಿಥಿಯಂ ಮಾತ್ರೆಯ ಹೊಸ ಶೀಟು ಇತ್ತು. ಪಾಲಹಳ್ಳಿಯ ದಿಲೀಪನಿಗೆ ಇವತ್ತಿನಿಂದ ಮತ್ತೆ ಶುರು ಮಾಡಬೇಕು, ಮೊದಲಿನದರ ಅರ್ಧ, ಅದೂ ಮನೆಯವರೇ ಬೀಗ ಹಾಕಿಟ್ಟು ಕೊಡಬೇಕು ಎಂದು ಡಾಕ್ಟರ್ ಮೇಡಂ ಹೇಳಿದ್ದರು. ಆ ಮಾತ್ರೆ ದಿಲೀಪನ ಗಂಟಲಿನಲ್ಲಿ ಇಳಿಯುವುದಕ್ಕೆ ಮುಂಚೆ ಆ ಮನೆಯಲ್ಲಿ ಒಂದು ಮಾತು ಹೇಳಬೇಕು. ಹೇಳದಿದ್ದರೆ ಅವನು ಇನ್ನೊಂದು ಸಲ ಆಸ್ಪತ್ರೆಯಿಂದ ವಾಪಸು ಬರುವುದಿಲ್ಲ. ಹೇಳಿದರೆ ಆ ತಾಯಿ ಬದುಕುವುದು ಹೇಗೆ, ತಾನು ಬದುಕುವುದು ಹೇಗೆ ಎಂದು ಯೋಚಿಸುತ್ತಾ ಸಿದ್ದಾರ್ಥ ಕೈ ತೊಳೆಯಲು ಎದ್ದ.

ಬೈಕು ಕೆಆರ್‌ಎಸ್ ರಸ್ತೆ ಹಿಡಿದಾಗ ಬಿಸಿಲು ಆಗಲೇ ಏರಿತ್ತು. ಮುಂದೆ ಕಬ್ಬು ಹೇರಿದ ಟ್ರಾಕ್ಟರು ರಸ್ತೆಯ ತುಂಬ ತಾನೇ ಎನ್ನುವಂತೆ ಹೋಗುತ್ತಿತ್ತು. ಸೈಡು ಕೊಡು ಎಂದು ಹಾರನ್ ಮಾಡುವ ಮನಸ್ಸಾಗಲಿಲ್ಲ. ನಿಧಾನವಾದಷ್ಟೂ ಒಳ್ಳೆಯದು. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ರಸ್ತೆಯಲ್ಲಿ ಅವನು ಹಾಡು ಹೇಳಿಕೊಂಡು ಹೋಗುತ್ತಿದ್ದ. ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಕೆಲವು ಕಾಲ ಹಿಡಿತವಿಲ್ಲದೆ ಮೇಲೇರಿ ಕೆಲವು ಕಾಲ ಏಳಲಾರದಂತೆ ಕುಸಿಯುವ ಕಾಯಿಲೆ, ಒಂದೇ ಮನೆತನದಲ್ಲಿ ಹೇಗೆ ಹರಿದು ಬರುತ್ತದೆ ಎಂದು ತಿಳಿಯಲು ಬೆಂಗಳೂರಿನ ಡಾಕ್ಟರುಗಳು ನಾಲ್ಕು ತಾಲ್ಲೂಕಿನಲ್ಲಿ ಅಧ್ಯಯನ ಶುರು ಮಾಡಿದ್ದರು. ಮನೆಮನೆಗೆ ಹೋಗಿ ರಕ್ತ ಕೊಡಲು ಒಪ್ಪಿಸುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಊರೂರಲ್ಲಿ ಸಭೆ ಸೇರಿಸಿ ಜನಕ್ಕೆ ತಿಳಿವಳಿಕೆ ಹೇಳುವುದು ಸಿದ್ದಾರ್ಥನ ಪಾಲಿಗೆ ಬಂದ ಕೆಲಸ. ಸಭೆಯಲ್ಲಿ ಮಾತಾಡುವುದು ಅವನಿಗೆ ಚೆನ್ನಾಗಿ ಒಗ್ಗಿತ್ತು. ನಾಗಮಂಗಲದ ಸ್ತ್ರೀಶಕ್ತಿ ಸಂಘದ ಹೆಂಗಸರು ನಕ್ಕೂ ನಕ್ಕೂ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದರು. ಶುಗರ್ ಮಾತ್ರೆ ನುಂಗೋಕೆ ನಾಚ್ಕೆ ಇಲ್ಲ, ಇದಕ್ಕೆ ಯಾಕವ್ವಾ ನಾಚ್ಕೆ ಎಂದು ಕೇಳಿ, ಕೊನೆಯಲ್ಲಿ, 'ಪೂಜೆ ಬುಡಿ ಅಂತ ನಾನು ಹೇಳಲ್ಲ. ಪೂಜೆನೂ ನಡೀಲಿ, ಮಾತ್ರೆನೂ ನಡೀಲಿ' ಅನ್ನುತ್ತಿದ್ದ. ಅಲ್ಲಿ ಚಪ್ಪಾಳೆ ಬೀಳುತ್ತಿತ್ತು. ಅದು ಅವನೇ ಕಟ್ಟಿದ ಮಾತು. ದೇವರನ್ನು ಬಯ್ದರೆ ಜನ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ ಎಂದು ಅರಿತು ಮೇಡಂ ಅದನ್ನೇ ದೊಡ್ಡ ಅಕ್ಷರದಲ್ಲಿ ಬ್ಯಾನರಿನ ಮೇಲೆ ಬರೆಸಿದ್ದರು. ಇವತ್ತು ಮಧ್ಯಾಹ್ನ ಪಾಂಡವಪುರದಲ್ಲೂ ಅದೇ ಬ್ಯಾನರಿನ ಕೆಳಗೆ ನಿಂತು ಮಾತಾಡಬೇಕು. ದಿಲೀಪನ ಹೆಸರು ಹೇಳದೆ ಅವನ ಕೇಸನ್ನು ಹೇಳಬೇಕು, ಮಾತ್ರೆಯನ್ನು ರೋಗಿಯ ಕೈಗೆ ಸಿಗದ ಹಾಗೆ ಇಡಬೇಕು ಅನ್ನುವುದಕ್ಕೆ ಅದು ಒಳ್ಳೇ ಉದಾಹರಣೆ ಎಂದು ಮೇಡಂ ಹೇಳಿದ್ದರು.

ಆ ಮನೆಗೆ ಮೊದಲ ಸಲ ಹೋದಾಗ ದಿಲೀಪ ಮೇಲೇರಿದ್ದ ಕಾಲ. ಇನ್ನೂ ತೆನೆಗೆ ಹಾಲು ತುಂಬುತ್ತಿದ್ದ ತಮ್ಮ ಭತ್ತದ ಗದ್ದೆಯನ್ನು ರಾತ್ರೋರಾತ್ರಿ ಆಳು ಹಿಡಿದು ಕಡಿಸಿ, ಇಲ್ಲಿ ಸ್ಟೇಡಿಯಂ ಕಟ್ತೀನಿ, ಪಾಲಹಳ್ಳಿ ಅಂದ್ರೆ ಲಂಡನ್‌ನಲ್ಲೂ ಗೊತ್ತಾಗ್ಬೇಕು ಎಂದು ಪಿಚ್ಚಿಗೆ ಸುಣ್ಣದ ಗೆರೆ ಎಳೆಸಿದ್ದ. ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಪಾಸು ಹಂಚಿದ್ದ. ಸಿದ್ದಾರ್ಥನನ್ನು ನೋಡಿದವನೇ, 'ನೀನೇ ಕಣ್ಲಾ ಅಂಪೈರು' ಎಂದು ತಬ್ಬಿಕೊಂಡಿದ್ದ. ಅಂಥ ತಬ್ಬುಗೆ ಸಿದ್ದಾರ್ಥನಿಗೆ ಆ ಮನೆಯಲ್ಲಿ ಬೇರೆ ಯಾರಿಂದಲೂ ಸಿಗಲಿಲ್ಲ. ಔಷಧಿ ಶುರುವಾದ ದಿನ ಅವನು ಅಂಗಳದಲ್ಲಿ ನಿಂತು ಮಾತ್ರೆಯ ವಿಷಯ ಹೇಳುತ್ತಿದ್ದ. ಎಷ್ಟೊತ್ತಿಗೆ ಕೊಡಬೇಕು, ನೀರು ಎಷ್ಟು ಕುಡಿಯಬೇಕು ಎಂದು ಹೇಳುತ್ತಿರುವಾಗಲೇ ದಿಲೀಪನ ಅಣ್ಣ ಮಂಜುನಾಥ, 'ಸರಿ, ನೀನು ಯಾವ್ ಪೈಕಿ?' ಎಂದು ಕೇಳಿದ. ಸಂತೆಬಾಚಹಳ್ಳಿ ಕಡೆಯವನು ಎಂದು ಸಿದ್ದಾರ್ಥ ಹೇಳಿದ. 'ಊರು ಕೇಳ್ನಿಲ್ಲ ನಾನು' ಎಂದ ಮಂಜುನಾಥ. ಅಪ್ಪನ ಹೆಸರು ಚೌಡಯ್ಯ ಎಂದ ಮೇಲೆ ಇನ್ನೇನೂ ಕೇಳಲಿಲ್ಲ. ಕೈಗೆ ಬರುತ್ತಿದ್ದ ಸ್ಟೀಲ್ ಲೋಟ ಒಳಗೆ ಹೋಗಿ ಪ್ಲಾಸ್ಟಿಕ್ ಲೋಟ ಬಂತು. ಅದಾದ ಮೇಲೆ ತಾನು ಮಾತು ಎಲ್ಲಿಂದ ಮುಂದುವರಿಸಿದೆ ಅನ್ನುವುದು ಸಿದ್ದಾರ್ಥನಿಗೆ ಎಷ್ಟು ತಿಣುಕಿದರೂ ನೆನಪಾಗುವುದಿಲ್ಲ. ನೀರಿನ ಮಾತಾದ ಮೇಲೆ ಉಪ್ಪಿನ ಮಾತು ಬರಬೇಕು. ಈ ಮಾತ್ರೆ ತಿನ್ನುವವರು ಉಪ್ಪು ಕಡಿಮೆ ಮಾಡಬಾರದು. ಉಪ್ಪು ಕಡಿಮೆಯಾದರೆ ಮಾತ್ರೆ ಮೈಯಿಂದ ಹೊರಗೆ ಹೋಗದೆ ಒಳಗೇ ಸೇರುತ್ತಾ ಹೋಗಿ ವಿಷವಾಗುತ್ತದೆ. ಇದನ್ನು ಹೇಳಿದೆನೋ, ಪ್ಲಾಸ್ಟಿಕ್ ಲೋಟದ ನೀರು ಕುಡಿದು ಹೊರಟುಬಿಟ್ಟೆನೋ.

ಟ್ರಾಕ್ಟರು ಆಲೆಮನೆಯ ಕಡೆಗೆ ತಿರುಗಿತು. ಇನ್ನು ರಸ್ತೆ ಖಾಲಿ. ನೆಪ ಮುಗಿಯಿತು ಎಂದುಕೊಂಡು ಸಿದ್ದಾರ್ಥ ಸುಮ್ಮನೆ ನಾಲೆಯ ಏರಿಯ ಮೇಲೆ ಬೈಕು ನಿಲ್ಲಿಸಿದ. ಔಷಧಿ ಶುರುವಾದ ಮೇಲೆ ದಿಲೀಪನ ಮೇಲೇರಿದ್ದ ಮನಸ್ಸು ಇಳಿದಿತ್ತು. ಮಾತ್ರೆ ಹಿಡಿಯಿತು. ಮಾಗಿಯ ಹೊತ್ತಿಗೆ ಅವನು ಡೈರಿಗೆ ಹಾಲು ಹಾಕಿ, ಹುಲ್ಲು ಕೊಯ್ದುಕೊಂಡು ಬಂದು, ಎಲ್ಲರ ಹಾಗೆ ಜಗಲಿಯಲ್ಲಿ ಕೂತು ಮೊಬೈಲು ನೋಡುವಷ್ಟಾಗಿದ್ದ. ಒಂದು ದಿನ ಅವನ ತಾಯಿ ಮಾಯಮ್ಮ ಜಗಲಿಗೆ ಬಂದು, 'ನನ್ ಮಗನ್ನ ಉಳುಸ್ಕೊಟ್ಟೆ ಕಣಪ್ಪ. ನೀನು ಈಚೆ ಕುಂತ್ಕೋಬ್ಯಾಡ, ಒಳಕ್ಕೆ ಬಾ' ಅಂದಳು. ಮಂಜುನಾಥ ಮನೆಯಲ್ಲಿರಲಿಲ್ಲ. ನಡುಮನೆಯಲ್ಲಿ ದಿಲೀಪನ ಪಕ್ಕದಲ್ಲೇ ತಟ್ಟೆ ಇಟ್ಟಳು. ಮುದ್ದೆ, ಸೊಪ್ಪಿನ ಬಸ್ಸಾರು. ಸಿದ್ದಾರ್ಥನ ಅವ್ವ ಪುಟ್ಟಲಕ್ಷ್ಮಮ್ಮ ಇಂಥ ಮನೆಗಳ ಹಿತ್ತಿಲು ದಾಟಿ ಒಳಗೆ ಕಾಲಿಟ್ಟವಳಲ್ಲ. ಮೊದಲ ತುತ್ತು ನಾಲಿಗೆಗೆ ತಗುಲಿದಾಗಲೇ ಗೊತ್ತಾಯಿತು, ಉಪ್ಪಿಲ್ಲ. ಮುದ್ದೆಯಲ್ಲೂ ಇಲ್ಲ, ಸಾರಿನಲ್ಲೂ ಇಲ್ಲ. ತನಗೊಬ್ಬನಿಗೇ ಹೀಗೆ ಬಡಿಸಿದ್ದಾರೋ, ಇದು ಇನ್ನೊಂದು ಥರದ ಪ್ಲಾಸ್ಟಿಕ್ ಲೋಟವೋ ಎಂದು ಒಂದು ಗಳಿಗೆ ಅವಮಾನವಾಯಿತು. ಪಕ್ಕಕ್ಕೆ ನೋಡಿದರೆ ದಿಲೀಪನೂ ಅದನ್ನೇ ಉಣ್ಣುತ್ತಿದ್ದ. ಮಾಯಮ್ಮ ಸಿದ್ದಾರ್ಥನ ಮುಖ ನೋಡಿ, 'ಮನೆದೇವ್ರಿಗೆ ಉಪ್ಪು ಬುಟ್ಟಿದೀವಿ ಕಣಪ್ಪ. ಇವ್ನು ಉಸಾರಾಗ್ಲಿ ಅಂತ. ನೀನೇ ಏಳಿದ್ದಲ್ಲ ಪೂಜೆನೂ ನಡೀಲಿ ಅಂತ' ಅಂದಳು. ಅವನು ಏನು ಹೇಳಿದ? 'ಒಳ್ಳೇದು ಮಾಡಿದ್ರಿ ಅಮ್ಮ. ಸಾರು ಚೆನ್ನಾಗದೆ' ಅಂದ. ಇನ್ನೂ ಸ್ವಲ್ಪ ಹಾಕಿಸಿಕೊಂಡ. ದಿಲೀಪನ ಕೈ ಆಗಲೇ ಸಣ್ಣಗೆ ನಡುಗುತ್ತಿತ್ತು, ಅದನ್ನು ಕಂಡ. ಮಾತ್ರೆಯಿಂದ ಸ್ವಲ್ಪ ನಡುಕ ಇದ್ದದ್ದೇ ಎಂದುಕೊಂಡ. ಅವತ್ತು ಅವನ ತಲೆಯಲ್ಲಿ ಕೂತಿದ್ದದ್ದು ಒಂದೇ, ತಾನು ಒಳಗೆ ಕೂತಿದ್ದೇನೆ, ಇದನ್ನು ಅವ್ವನಿಗೆ ಫೋನು ಮಾಡಿ ಹೇಳಬೇಕು. ಹೇಳಿಯೂ ಹೇಳಿದ.

ಬೇಸಿಗೆ ಜೋರಾಯಿತು. ದಿಲೀಪ ಗದ್ದೆಯಲ್ಲಿ ಬೆವರು ಸುರಿಸಿಕೊಂಡು ಬಂದು ಸಪ್ಪೆ ಉಂಡ, ಮಾತ್ರೆ ನುಂಗಿದ. ತಾಯಿ ಎರಡನ್ನೂ ತಪ್ಪಿಸಲಿಲ್ಲ. ವಾಂತಿಯಾಯಿತು, ಮಾತು ತೊದಲಿತು, ಕುಡಿದವನ ಹಾಗೆ ನಡೆಯುತ್ತಿದ್ದಾನೆ ಎಂದು ಅಣ್ಣ ಎರಡು ಬಾರಿಸಿದ. ಆಸ್ಪತ್ರೆಗೆ ಬರುವಾಗ ಪ್ರಜ್ಞೆ ಇರಲಿಲ್ಲ. ರಕ್ತದಲ್ಲಿ ಲಿಥಿಯಂ ವಿಪರೀತ ಏರಿದೆ ಅಂದರು. ಮೇಡಂ ಸಿದ್ದಾರ್ಥನನ್ನೇ ಕೇಳಿದರು, 'ಊಟ ಸರಿಯಾಗಿ ಮಾಡ್ತಿದ್ನಾ? ಮನೇಲಿ ಏನಾದ್ರೂ ವ್ರತ, ಉಪವಾಸ?' ಆಗ ಅವನ ಬಾಯಿಂದ ಬಂದ ಮಾತು ಇವತ್ತಿಗೂ ಅವನ ಕಿವಿಯಲ್ಲಿದೆ. 'ಇಲ್ಲ ಮೇಡಂ. ಊಟ ಎಲ್ಲ ಚೆನ್ನಾಗೇ ಇದೆ. ನಾನೇ ಅವರ ಮನೆ ಒಳಗೆ ಕೂತು ಊಟ ಮಾಡಿದೀನಿ.' ಪಕ್ಕದಲ್ಲಿ ನಿಂತಿದ್ದ, ಅವನ ಜೊತೆ ಕೆಲಸ ಮಾಡುವ ಅನುವಿಗೂ ಕೇಳಲಿ ಎಂದು ಒಳಗೆ ಅನ್ನುವುದನ್ನು ಸ್ವಲ್ಪ ಒತ್ತಿಯೇ ಹೇಳಿದ್ದ. ಹಾಗಾದರೆ ಹುಡುಗ ಒಟ್ಟಿಗೆ ನುಂಗಿದ್ದಾನೆ, ಸಾಯಲು ನೋಡಿದ್ದಾನೆ ಎಂದು ಮೇಡಂ ತೀರ್ಮಾನಿಸಿದರು. ಮನೆಯವರೂ ನಂಬಿದರು, ಅಧ್ಯಯನದ ದಾಖಲೆಯಲ್ಲೂ ಹಾಗೇ ಸೇರಿತು. ಅದಾಗಿ ಸ್ವಲ್ಪ ಹೊತ್ತಿಗೇ ಆಸ್ಪತ್ರೆಯ ವರಾಂಡದಲ್ಲಿ ಅವನು ತಂದುಕೊಟ್ಟ ಚಿತ್ರಾನ್ನವನ್ನು ಮಾಯಮ್ಮ, 'ಉಪ್ಪು ಮುಟ್ಟಂಗಿಲ್ಲ ಕಣ್ಮಗ' ಎಂದು ದೂರ ಸರಿಸಿದಳು. ಆಗಲೇ ಸಿದ್ದಾರ್ಥನಿಗೆ ಆ ಸಪ್ಪೆ ಸಾರು ನೆನಪಾಗಿ, ನಡೆದದ್ದು ಏನು ಎಂದು ಹೊಳೆಯಿತು. ಮೇಡಂ ಕೋಣೆ ಅಲ್ಲೇ ಇತ್ತು, ಬಾಗಿಲೂ ತೆರೆದಿತ್ತು. ಅವನು ಚಿತ್ರಾನ್ನದ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿ ರೂಮಿಗೆ ಹೋದ.

ಸಿದ್ದಾರ್ಥ ನಾಲೆಯ ಏರಿಯಿಂದ ಹೊರಟು ಪಾಲಹಳ್ಳಿ ಮುಟ್ಟಿದಾಗ ದಿಲೀಪ ಜಗಲಿಯಲ್ಲೇ ಇದ್ದ. ಬೈಕಿನ ಸದ್ದಿಗೆ ಏಳಲು ಹೋಗಿ ಕಂಬ ಹಿಡಿದುಕೊಂಡ. ಆಸ್ಪತ್ರೆಯಿಂದ ಬಂದ ಮೇಲೂ ಕಾಲು ನೆಟ್ಟಗೆ ಬೀಳುತ್ತಿರಲಿಲ್ಲ. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅಂಗಿಯ ಮುಂಭಾಗ ಒದ್ದೆಯಾಗಿತ್ತು. 'ಬಂದ್ಯಾ ಅಂಪೈರು' ಎಂದು ನಕ್ಕ. ಮಾತು ಎಳೆದೆಳೆದು ಬಂತು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. 'ನೀನಾದ್ರೂ ನಂಬ್ಲಾ. ನಾನು ನುಂಗ್ನಿಲ್ಲ. ಅವ್ವ ಕೊಟ್ಟಷ್ಟೇ ತಿಂದಿದ್ದು. ಎಲ್ರೂ ನನ್ನ ಕಳ್ಳನ್ ನೋಡ್ದಂಗ್ ನೋಡ್ತಾವ್ರೆ. ಬಚ್ಚಲ್ ಬಾಗ್ಲು ಹಾಕ್ಕಳಕೂ ಬುಡಲ್ಲ. ಹಗ್ಗ, ಕುಡ್ಲು ಎಲ್ಲ ಎತ್ತಿಟ್ಬುಟ್ಟವ್ರೆ. ನಾನ್ ಯಾಕ್ ಸಾಯಾನ್ಲಾ, ಚೆನ್ನಾಗಿದ್ನಲ್ಲ?' ಸಿದ್ದಾರ್ಥ, ಗೊತ್ತು ಅಂದ. ಅಷ್ಟಕ್ಕೇ ದಿಲೀಪನ ಕಣ್ಣು ತುಂಬಿತು. ಗೊತ್ತು ಅನ್ನುವ ಒಂದು ಮಾತಿಗೆ ಇಷ್ಟು ಬೆಲೆ ಇರುವಾಗ ಇಷ್ಟು ದಿನ ಅದನ್ನು ಬಾಯಲ್ಲಿಟ್ಟುಕೊಂಡು ತಿರುಗಿದೆನಲ್ಲ ಎಂದು ಸಿದ್ದಾರ್ಥನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಒಳಗಿನಿಂದ ಮಾಯಮ್ಮ ಕರೆದಳು. ಊಟದ ಹೊತ್ತು. ಈ ಸಲ ಮಂಜುನಾಥನೂ ಇದ್ದ. ಸಿದ್ದಾರ್ಥ ಹೊಸ್ತಿಲು ದಾಟುವುದನ್ನು ನೋಡಿ ಏನೋ ಅನ್ನಲು ಹೋಗಿ, ತಾಯಿಯ ಮುಖ ನೋಡಿ ಸುಮ್ಮನಾದ. ಮೂರು ತಟ್ಟೆ ಇಟ್ಟಿದ್ದರು. ಮಾಯಮ್ಮ ಮುದ್ದೆ ಬಡಿಸುತ್ತಾ ತಾನಾಗಿಯೇ ಶುರು ಮಾಡಿದಳು. 'ಮಾತ್ರೆ ತಂದ್ಯಾ ಮಗ? ಕೊಡು ಇತ್ಲಾಗೆ, ಪೆಟ್ಟಿಗೇಲಿ ಇಡ್ತೀನಿ. ತಪ್ಪು ನಂದೂ ಅದೆ ಕಣಪ್ಪ. ಮಧ್ಯದಲ್ಲಿ ನಮ್ಮಣ್ಣ ಚಿಕ್ಕಸ್ವಾಮಿ ಬಂದಿದ್ದ, ಅವ್ನಿಗೆ ಅಂತ ಮಾಡಿದ್ ಸಾರ್ನ ಇವ್ನಿಗೂ ಬಡಿಸ್ಬುಟ್ಟೆ. ಅರ್ಕೆ ಕೆಟ್ಟೋಯ್ತು. ಅದ್ಕೇ ದ್ಯಾವ್ರು ಇವ್ನಿಗೆ ಇಂಥ ಬುದ್ಧಿ ಕೊಟ್ಟ. ಈಗ ಮೊದ್ಲಿಂದ ಇಡ್ಕಂಡಿದೀನಿ. ಇನ್ ತಪ್ಪಾಕಿಲ್ಲ.' ಸಿದ್ದಾರ್ಥ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟ. ಅದೇ ಸಪ್ಪೆ. ಇಷ್ಟು ದಿನ ನಾಲಿಗೆ ಹೇಳುತ್ತಿದ್ದ ಸುಳ್ಳು ಈಗ ಮಾತ್ರ ನಿಜವಾಯಿತು. ನುಂಗಲಾಗಲಿಲ್ಲ. ಮಾತ್ರೆಯ ಶೀಟನ್ನು ಅಂಗಿಯ ಜೇಬಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, 'ಅಮ್ಮಾ' ಅಂದ. 'ಈ ಮಾತ್ರೆ ಕೊಡಬೇಕು ಅಂದ್ರೆ ಉಪ್ಪು ಬಿಡಂಗಿಲ್ಲ. ಉಪ್ಪಿಲ್ದೆ ಇದ್ರೆ ಮಾತ್ರೆ ಮೈಯಲ್ಲೇ ನಿಂತು ವಿಷ ಆಗ್ತದೆ. ಅವತ್ತು ಆಗಿದ್ದು ಅದೇ. ದಿಲೀಪ ಜಾಸ್ತಿ ನುಂಗಿಲ್ಲ. ಅವನು ಸಾಯೋಕೆ ಹೋಗಿಲ್ಲ ಅಮ್ಮ.'

ಮಾಯಮ್ಮನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಸಾರಿನ ಸೌಟು ಕೈಯಲ್ಲೇ ಇತ್ತು. 'ಅಂಗಂದ್ರೆ?' ಅಂದಳು. 'ಅಂಗಂದ್ರೆ ನಾನಾ? ನನ್ ಕೈಯಾರೆ ನಾನೇ?' ಸೌಟು ಪಾತ್ರೆಗೆ ಬಿತ್ತು. ಅವಳು ತನ್ನ ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡಳು, ಅಲ್ಲೇ ಕುಸಿದು ಕೂತಳು. ಮಂಜುನಾಥನ ಕಣ್ಣು ತಾಯಿಯ ಮೇಲಿನಿಂದ ಸಿದ್ದಾರ್ಥನ ಮೇಲೆ ಬಂತು. 'ಲೇ, ನೀನೂ ಇಲ್ಲೇ ಕುಂತು ಉಂಡಿದ್ದಂತಲ್ಲ. ನಾಲ್ಗೆ ಇರ್ನಿಲ್ವ ನಿಂಗೆ? ಉಪ್ಪಿಲ್ಲ ಅಂತ ಗೊತ್ತಾಗ್ನಿಲ್ವ? ನಿಮ್ ಡಾಕ್ಟ್ರು ಇದ್ನೆಲ್ಲ ನಿಂಗೆ ಕಲ್ಸಿರ್ನಿಲ್ವ?' ಹೇಳಬಹುದಾದ ಉತ್ತರ ಸಿದ್ದಾರ್ಥನ ಹತ್ತಿರ ಇತ್ತು. ನೀನು ಪೈಕಿ ಕೇಳಿದ್ದರಿಂದ ನಾನು ಮಾತು ಮರೆತೆ, ನಿಮ್ಮವ್ವ ಒಳಗೆ ಕರೆದದ್ದರಿಂದ ನಾನು ನಾಲಿಗೆ ಮರೆತೆ ಅನ್ನಬಹುದಿತ್ತು. ಅದರಲ್ಲಿ ಅರ್ಧ ನಿಜ, ಅರ್ಧ ಜಾರಿಕೊಳ್ಳುವುದು. 'ಗೊತ್ತಾಯ್ತು' ಅಂದ. 'ಗೊತ್ತಾದ್ರೂ ಬೇಡ ಅನ್ನಲಿಲ್ಲ.' ಮಂಜುನಾಥ ಎದ್ದ. ಹೊಡೆಯುತ್ತಾನೆ ಎಂದು ಸಿದ್ದಾರ್ಥ ಕಾದ. ಹೊಡೆದರೆ ಸಾಕಪ್ಪಾ ಅನ್ನಿಸಿತು. ಅಷ್ಟರಲ್ಲಿ ಮಾಯಮ್ಮ ನೆಲಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. ಅಳುತ್ತಿರಲಿಲ್ಲ. ಬಾಯಿಂದ ಒಂದೇ ಮಾತು ಬರುತ್ತಿತ್ತು, 'ಮಗೀಗೆ ವಿಸ ಇಕ್ದೆ, ಮಗೀಗೆ ವಿಸ ಇಕ್ದೆ.'

ಗೋಡೆ ಹಿಡಿದುಕೊಂಡು ಎದ್ದವನು ದಿಲೀಪ. ತಟ್ಟೆಯನ್ನು ಕಾಲಲ್ಲಿ ಎಡವಿ, ತಾಯಿಯ ಪಕ್ಕದಲ್ಲಿ ಬಿದ್ದ ಹಾಗೇ ಕೂತ. ನಡುಗುವ ಕೈಯನ್ನು ಅವಳ ಹಣೆಗೂ ನೆಲಕ್ಕೂ ಮಧ್ಯೆ ಇಟ್ಟ. 'ಅವ್ವ, ಬುಡು. ಇವ್ನ್ ಮಾತು ಕೇಳ್ಬ್ಯಾಡ. ನಾನೇ ನುಂಗಿದ್ದು.' ಅವಳ ಹಣೆ ಅವನ ಅಂಗೈಯ ಮೇಲೆ ನಿಂತಿತು. 'ನಾನೇ ಕಣವ್ವ. ಅಕ್ಕಿ ಡಬ್ಬದಲ್ಲಿ ಇಟ್ಟಿದ್ಯಲ್ಲ, ಅದ್ನ ಎಲ್ಲ ಒಂದೇ ಸಲ ನುಂಗ್ಬುಟ್ಟೆ. ಬೇಜಾರಾಗಿತ್ತು. ಏಳಕೆ ನಾಚ್ಕೆ ಆಗಿ ಇಲ್ಲ ಅಂತಿದ್ದೆ.' ಮಾಯಮ್ಮ ತಲೆ ಎತ್ತಿದಳು. 'ದಿಟವಾ?' ಅಂದಳು. 'ನಿನ್ನಾಣೆ' ಅಂದ ದಿಲೀಪ. ಅವಳು ಅವನ ಕೆನ್ನೆಗೆ ಬಾರಿಸಿದಳು, ಇನ್ನೊಂದು ಸಲ ಬಾರಿಸಿದಳು, ಆಮೇಲೆ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಈಗ ಬಾಯಿ ಬಿಟ್ಟು ಅತ್ತಳು. ಆ ಅಳುವಿನಲ್ಲಿ ಇದ್ದದ್ದು ಬಿಡುಗಡೆ. ಮಗ ಸಾಯಲು ಹೋಗಿದ್ದ ಅನ್ನುವುದು ಒಬ್ಬ ತಾಯಿಗೆ ಇಷ್ಟು ಹಿತವಾದ ಸುದ್ದಿಯಾಗಬಹುದು ಎಂದು ಸಿದ್ದಾರ್ಥನಿಗೆ ಗೊತ್ತಿರಲಿಲ್ಲ. ತಾಯಿಯ ಹೆಗಲ ಮೇಲಿಂದ ದಿಲೀಪ ಅವನನ್ನೇ ನೋಡುತ್ತಿದ್ದ. ಆ ಕಣ್ಣಿನಲ್ಲಿ ಕಾಯಿಲೆಯ ಸುಳಿವೇ ಇರಲಿಲ್ಲ. 'ಮೇಡಂಗೂ ಅಂಗೇ ಏಳು' ಅಂದ.

ಇಲ್ಲ ಅನ್ನಬೇಕು. ಇವನು ಸುಳ್ಳು ಹೇಳುತ್ತಿದ್ದಾನೆ, ಜೀವಮಾನವಿಡೀ ಇವನ ಬಚ್ಚಲಿನ ಬಾಗಿಲು ತೆರೆದೇ ಇರುತ್ತದೆ, ಹಗ್ಗ ಕಂಡಾಗಲೆಲ್ಲ ಮನೆಯವರು ಇವನ ಮುಖ ನೋಡುತ್ತಾರೆ, ಹೆಣ್ಣು ಕೊಡುವವರು ಬಾಗಿಲಿನಿಂದಲೇ ತಿರುಗುತ್ತಾರೆ ಅನ್ನಬೇಕು. ಆದರೆ ಅದಕ್ಕಿಂತ ಮುಂಚೆಯೇ ಸಿದ್ದಾರ್ಥನ ಮೈಯೆಲ್ಲ ಸಡಿಲವಾಗಿಬಿಟ್ಟಿತ್ತು. ದಿಲೀಪ ನುಂಗಿದ್ದೇ ಆದರೆ ತಾನು ಉಂಡ ಸಪ್ಪೆ ಊಟಕ್ಕೆ ಏನೂ ಅರ್ಥವಿಲ್ಲ. ಮೇಡಂಗೆ ಹೇಳಿದ ಮಾತಿಗೂ ಅರ್ಥವಿಲ್ಲ. ಮಧ್ಯಾಹ್ನ ಬ್ಯಾನರಿನ ಕೆಳಗೆ ನಿಲ್ಲಬಹುದು. ತನಗೆ ಸಮಾಧಾನವಾಗುತ್ತಿದೆ ಅನ್ನುವುದು ಗೊತ್ತಾಗಿ ಅವನಿಗೆ ಅಸಹ್ಯವಾಯಿತು, ಆದರೂ ಸಮಾಧಾನ ನಿಲ್ಲಲಿಲ್ಲ. 'ಆಯ್ತು' ಅಂದ.

'ನೋಡ್ದೇನಪ್ಪ' ಎಂದು ಮಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. 'ನನ್ ಮ್ಯಾಲೆ ಆಕಕ್ಕೆ ಬಂದ್ಬುಟ್ಟಿದ್ದೆ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಂಜುನಾಥ ಕೈ ತೊಳೆಯಲು ಹಿತ್ತಿಲಿಗೆ ಹೋದ, ಹೋಗುವಾಗ ತಮ್ಮನ ಕಡೆಗೆ ಎಸೆದ ನೋಟದಲ್ಲಿ ಹಳೇ ತಾತ್ಸಾರವೆಲ್ಲ ವಾಪಸು ಬಂದಿತ್ತು. ಮಾಯಮ್ಮ ಎಡವಿದ ತಟ್ಟೆ ತೆಗೆದು ಹೊಸದಾಗಿ ಬಡಿಸಿದಳು. ದಿಲೀಪ ಮುದ್ದೆಗೆ ಕೈ ಹಾಕಲಿಲ್ಲ. 'ಒಂಚೂರು ಉಪ್ಪು ಕೊಡವ್ವ' ಅಂದ. ಅವಳ ಕೈ ನಿಂತಿತು. 'ಅರ್ಕೆ ಮಗ' ಅಂದಳು. 'ನಂಗೆ ಸಪ್ಪೆ ತಿಂದೂ ತಿಂದೂ ಬೇಜಾರಾಗೋಗದೆ. ಅದ್ಕೇ ಅವತ್ತು ಅಂಗ್ ಮಾಡ್ದೆ. ನೀನು ಬೇಕಾದ್ರೆ ಬುಡು, ನಂಗೆ ಕೊಡು' ಅಂದ ದಿಲೀಪ. ಅವಳು ಹೆದರಿ ಒಳಗೆ ಓಡಿ ಹೋಗಿ ಉಪ್ಪಿನ ಜಾಡಿಯನ್ನೇ ತಂದು ಅವನ ಮುಂದಿಟ್ಟಳು. ದಿಲೀಪ ಬೆರಳಿನಲ್ಲಿ ತೆಗೆದ. ಅರ್ಧ ತಟ್ಟೆಗೆ ಬಿತ್ತು, ಅರ್ಧ ನೆಲಕ್ಕೆ ಉದುರಿತು. ಆಮೇಲೆ ಅವನು ಜಾಡಿಯನ್ನು ಸಿದ್ದಾರ್ಥನ ಕಡೆ ತಳ್ಳಿದ. ಸಿದ್ದಾರ್ಥ ಜೇಬಿನಿಂದ ಮಾತ್ರೆಯ ಶೀಟು ತೆಗೆದು ಮಾಯಮ್ಮನ ಕೈಗೆ ಕೊಟ್ಟ. ಒಂದು ಚಿಟಿಕೆ ಉಪ್ಪು ತೆಗೆದುಕೊಂಡು ಸಾರಿಗೆ ಕಲಸಿ, ತಲೆ ತಗ್ಗಿಸಿ ಉಣ್ಣತೊಡಗಿದ. ಎಷ್ಟೋ ದಿನದ ಮೇಲೆ ಊಟ ರುಚಿಯಾಗಿತ್ತು.